ಕೇಳೋ ಪುಸ್ತಕ ಯಾರದು, ದನಿ ಯಾರದು?

ಶೂದ್ರನ ಕಿವಿಗೆ ವೇದದ ಶಬ್ದ ಬಿದ್ದರೆ ಆ ಕಿವಿಗೆ ಕಾಯಿಸಿದ ತವರ, ಅರಗು ಹುಯ್ಯಬೇಕೆಂದು ಗೌತಮ ಧರ್ಮಸೂತ್ರ ಬರೆದಿಟ್ಟಿದೆ. ಓದೋದಕ್ಕಷ್ಟೇ ಅಲ್ಲ, ಕೇಳೋದಕ್ಕೂ ಈ ದೇಶದಲ್ಲಿ ಕಾವಲಿತ್ತು. ಇದನ್ನು ಮರೆತು 'ಕೇಳುಪುಸ್ತಕ' ಅನ್ನೋ ಹೊಸ ಸರಕಿನ ಬಗ್ಗೆ ಯಾರೇ ಎಷ್ಟೇ ಚೆನ್ನಾಗಿ ಮಾತಾಡಲಿ, ನಮಗದು ಅರ್ಧ ಮಾತು. ಹಳೇ ಕಾವಲುಗಾರ ಬಾಗಿಲಲ್ಲಿ ಕಾಣ್ತಾ ಇಲ್ಲ, ನಿಜ. ಈಗ ಅಲ್ಲಿ ಗಲ್ಲಾಪೆಟ್ಟಿಗೆ ಇಟ್ಟುಕೊಂಡು ಬೇರೊಬ್ಬ ಕೂತಿದ್ದಾನೆ. ಅವನು ಯಾರು, ಅವನನ್ನು ಬಿಟ್ಟು ನಮಗೆ ಬೇರೆ ದಾರಿ ಏನಿದೆ, ಆ ಬೇರೆ ದಾರಿಯಲ್ಲೂ ನಮ್ಮವರು ಎಲ್ಲಿ ನಿಲ್ಲುತ್ತಾರೆ ಅನ್ನೋದನ್ನು ಇಲ್ಲಿ ನೋಡಬೇಕಾಗಿದೆ.

ಇದು ಪೇಟೆಯ ಕಾರಿನೋರ ಶೋಕಿ, ನಮಗ್ಯಾಕೆ ಅಂತ ಕೆಲವು ಗೆಳೆಯರು ಕೇಳಬಹುದು. ಶಾಲೆಯ ಮುಖ ನೋಡದ ನಮ್ಮ ಅವ್ವಂದಿರು, ಅಂಧ ವಿದ್ಯಾರ್ಥಿಗಳು, ಗಾರ್ಮೆಂಟ್ಸ್ ಬಸ್ಸಿನಲ್ಲಿ ದಿನಕ್ಕೆ ಮೂರು ಗಂಟೆ ನಿಂತು ಹೋಗಿ ಬರುವ ಹೆಣ್ಣುಮಕ್ಕಳು, ಇವರ ಹತ್ತಿರ ಪುಸ್ತಕ ಹೋಗೋದಾದರೆ ಕಿವಿಯ ದಾರಿಯಿಂದಲೇ ಹೋಗಬೇಕು. ಮಂಟೇಸ್ವಾಮಿ, ಮಾದಪ್ಪ ನಮ್ಮ ಕೇರಿಗಳಿಗೆ ಬಂದದ್ದೂ ಆ ದಾರಿಯಿಂದಲೇ. ಅಚ್ಚಿನ ಅಕ್ಷರಕ್ಕಿಂತ ಮೊದಲೇ ನಮ್ಮದಾಗಿದ್ದ ದಾರಿಯನ್ನು ಈಗ ಕಂಪನಿಗಳು ಬೇಲಿ ಹಾಕಿ ನಮಗೇ ಬಾಡಿಗೆಗೆ ಕೊಡ್ತಾ ಇವೆ.

ಈ ವ್ಯಾಪಾರದ ದೊಡ್ಡ ಧಣಿ ಆಡಿಬಲ್. 1995ರಲ್ಲಿ ಅಮೆರಿಕದಲ್ಲಿ ಶುರುವಾದ ಇದನ್ನು 2008ರಲ್ಲಿ ಅಮೆಜಾನ್ ಸುಮಾರು 30 ಕೋಟಿ ಡಾಲರಿಗೆ ಕೊಂಡುಕೊಂಡಿತು. 2018ರಲ್ಲಿ ಭಾರತಕ್ಕೂ ಬಂತು. ಅದಕ್ಕೆ ಒಂದು ವರ್ಷ ಮೊದಲೇ, 2017ರಲ್ಲಿ, ಸ್ವೀಡನ್ನಿನ ಸ್ಟೋರಿಟೆಲ್ ಬಂದಿತ್ತು. ಆಡಿಬಲ್‌ನಲ್ಲಿ ದುಡ್ಡು ಕೊಟ್ಟು ಕೊಂಡ ಪುಸ್ತಕದ ಮೇಲೆ ಬೀಗ ಇರುತ್ತೆ. ಅವರ ಆ್ಯಪಿನಲ್ಲಿ, ನಿಮ್ಮ ಹೆಸರಿನ ಖಾತೆಯಲ್ಲಿ ಮಾತ್ರ ಕೇಳಬೇಕು. ಫೈಲನ್ನು ಮೆಮೊರಿ ಕಾರ್ಡಿಗೆ ಹಾಕಿ ಪಕ್ಕದ ಮನೆಯ ಹುಡುಗಿಗೆ ಕೊಡೋ ಹಾಗಿಲ್ಲ. ನನ್ನ ಪುಸ್ತಕಕ್ಕೆ ಬೀಗ ಬೇಡ ಅಂತ ಬರೆದವರೇ ಹೇಳಿದರೂ ಅವರು ಕೇಳಲ್ಲ. ಇದೇ ಕಾರಣಕ್ಕೆ ಕೋರಿ ಡಾಕ್ಟರೋ ಎಂಬ ಲೇಖಕ ತನ್ನ ಕೇಳುಪುಸ್ತಕಗಳನ್ನು ಅಲ್ಲಿ ಮಾರೋದೇ ಇಲ್ಲ ಅಂತ ಹೊರಗುಳಿದಿದ್ದಾನೆ. ಬೀಗದ ಕೈ ಬೇರೆಯವರ ಹತ್ತಿರ ಇದ್ದರೆ ಏನಾಗುತ್ತೆ ಅನ್ನೋದಕ್ಕೆ 2009ರ ಒಂದು ಘಟನೆ ಸಾಕು. ಓದುಗರು ಕಾಸು ಕೊಟ್ಟು ಕೊಂಡಿದ್ದ ಆರ್ವೆಲ್‌ನ '1984' ಕಾದಂಬರಿಯನ್ನು ಇದೇ ಅಮೆಜಾನ್ ಅವರ ಕಿಂಡಲ್ ಯಂತ್ರಗಳೊಳಗಿಂದ ರಾತ್ರೋರಾತ್ರಿ ಅಳಿಸಿ ಹಾಕಿತು. ದುಡ್ಡು ವಾಪಸ್ ಕೊಟ್ಟರು. ಆದರೆ ಮನೆಯೊಳಕ್ಕೆ ಬಂದು ಪುಸ್ತಕ ಎತ್ತಿಕೊಂಡು ಹೋದರು. ನಮ್ಮ ಹಳ್ಳಿ ಭಾಷೆಯಲ್ಲಿ ಇದಕ್ಕೆ ಕೊಳ್ಳೋದು ಅನ್ನಲ್ಲ, ಗೇಣಿ ಅಂತೀವಿ.

ಬರೆಯೋರ ಪಾಡು? ಬಹಳ ವರ್ಷ ಅವರ ಲೆಕ್ಕ ಹೀಗಿತ್ತು: ಪುಸ್ತಕವನ್ನು ನಮಗೊಬ್ಬರಿಗೇ ಕೊಟ್ಟರೆ ನೂರಕ್ಕೆ 40, ಬೇರೆಯವರಿಗೂ ಕೊಟ್ಟರೆ 25. ಬೇರೆ ಅಂಗಡಿಗೆ ಹೋದರೆ ಪಾಲು ಕಡಿಮೆ ಮಾಡೋದು ಯಾವ ನ್ಯಾಯ ಅಂತ ಹಳ್ಳಿಯ ಅಡತಿದಾರನನ್ನು ಕಂಡ ರೈತನಿಗೆ ವಿವರಿಸಬೇಕಾಗಿಲ್ಲ. ಅದರ ಮೇಲೆ, ಕೇಳುಗರು ಪುಸ್ತಕ ಪೂರ್ತಿ ಕೇಳಿ ಮುಗಿಸಿ ಒಂದು ವರ್ಷದೊಳಗೆ ವಾಪಸ್ ಮಾಡಿ ಇನ್ನೊಂದು ತಗೋಬಹುದು ಅಂತ ಕಂಪನಿ ಆಸೆ ತೋರಿಸಿತು. ವಾಪಸ್ ಬಂದ ಪುಸ್ತಕದ ಗೌರವಧನವನ್ನು ಲೇಖಕರ ಲೆಕ್ಕದಿಂದ ಮುರಿದುಕೊಂಡಿತು. ಔದಾರ್ಯ ಕಂಪನಿಯದು, ಖರ್ಚು ಬರೆದವನದು! 2020ರಲ್ಲಿ ಲೇಖಕರು ಒಟ್ಟಾಗಿ ಗಲಾಟೆ ಮಾಡಿದ ಮೇಲೆ, ಏಳು ದಿನ ಕಳೆದು ವಾಪಸ್ ಬಂದದ್ದಕ್ಕೆ 2021ರ ಜನವರಿಯಿಂದ ಗೌರವಧನ ಮುರಿಯೋದಿಲ್ಲ ಅಂತ ಕಂಪನಿ ಒಪ್ಪಿತು. ಒಟ್ಟಾಗಿ ಕೂಗಿದರೆ ಧಣಿಯೂ ಒಂದು ಹೆಜ್ಜೆ ಹಿಂದಕ್ಕೆ ಇಡ್ತಾನೆ. ಆದರೆ ಬೀಗ ಹಾಗೇ ಇದೆ.

ಇದಕ್ಕೆ ಪರ್ಯಾಯ ಅಂತ ಅಮೆರಿಕದಲ್ಲೇ ಒಂದು ಪ್ರಯತ್ನ ಎದ್ದು ನಿಂತಿದೆ. ಸಿಯಾಟಲ್ ಎಂಬ ಊರಿನ ಲಿಬ್ರೋ ಡಾಟ್ ಎಫ್‌ಎಂ. 2014ರ ಹೊತ್ತಿಗೆ ಶುರುವಾದದ್ದು. ಕೊಳ್ಳುವವರು ತಮ್ಮ ಊರಿನ ಒಂದು ಸ್ವತಂತ್ರ ಪುಸ್ತಕದ ಅಂಗಡಿಯನ್ನು ಆರಿಸಿಕೊಳ್ಳುತ್ತಾರೆ. ಕೊಂಡ ಪ್ರತಿ ಪುಸ್ತಕದ ಲಾಭದಲ್ಲಿ ಒಂದು ಪಾಲು ಆ ಅಂಗಡಿಗೆ ಹೋಗುತ್ತೆ. ಇಂಥ ಸಾವಿರಕ್ಕೂ ಹೆಚ್ಚು ಅಂಗಡಿಗಳು ಇದರ ಜೊತೆ ಸೇರಿವೆ. ಫೈಲಿಗೆ ಬೀಗವಿಲ್ಲ, ಇಳಿಸಿಕೊಂಡದ್ದು ನಿಮ್ಮದು. ಆಡಿಬಲ್‌ಗೆ ಮಾತ್ರ ಅಂತ ಮುದ್ರೆ ಬಿದ್ದ ಪುಸ್ತಕ ಇಲ್ಲಿ ಸಿಗೋದಿಲ್ಲ, ಅದು ಬೇರೆ ವಿಷಯ. ಇದು ಒಳ್ಳೆಯ ಕೆಲಸ, ಇದನ್ನು ಲಘುವಾಗಿ ಕಾಣೋ ಉದ್ದೇಶ ನಮಗಿಲ್ಲ. ಕನ್ನಡದಲ್ಲೂ ಬೆಂಗಳೂರಿನ ಮೈಲ್ಯಾಂಗ್‌ನಂಥವರು ಕನ್ನಡದ್ದೇ ಇ-ಪುಸ್ತಕ, ಕೇಳುಪುಸ್ತಕದ ಅಂಗಡಿ ತೆರೆದರು. ಕಾಸು ಸಮುದ್ರ ದಾಟದೆ ಇಲ್ಲೇ ಸುತ್ತಾಡಲಿ ಅನ್ನೋದು ನ್ಯಾಯವಾದ ಮಾತೇ.

ಆದರೆ ನಮ್ಮ ಪ್ರಶ್ನೆ ಶುರುವಾಗೋದು ಇಲ್ಲಿಂದಲೇ. 'ಸ್ಥಳೀಯ' ಅಂದರೆ ಏನು? ನಮ್ಮ ನಾಡಿನಲ್ಲಿ ಸ್ಥಳ ಅಂದರೆ ಊರು. ಊರಿನ ಹೊರಗೆ ಕೇರಿ. ಊರ ಬಾವಿ, ಊರ ದೇವಸ್ಥಾನ, ಊರ ಹೋಟ್ಲು ಇವೆಲ್ಲ ಅಪ್ಪಟ ಸ್ಥಳೀಯವೇ. ಅವುಗಳಿಂದ ನಮ್ಮನ್ನು ದೂರ ಇಟ್ಟವರೂ ಸ್ಥಳೀಯರೇ. 1927ರಲ್ಲಿ ಮಹಾಡದ ಚವದಾರ ಕೆರೆಯ ನೀರನ್ನು ಬಾಬಾಸಾಹೇಬರು ಮುಟ್ಟಿದಾಗ ದೊಣ್ಣೆ ಹಿಡಿದು ಬಂದವರು ಲಂಡನ್ನಿನಿಂದ ಬಂದವರಲ್ಲ. ಹಾಗಾಗಿ ಪರದೇಶದ ಕಂಪನಿ ಕೆಟ್ಟದ್ದು, ನಮ್ಮೂರಿನದು ಒಳ್ಳೇದು ಅನ್ನೋ ಸರಳ ಲೆಕ್ಕ ನಮಗೆ ನಡೆಯೋದಿಲ್ಲ. ಊರಿನ ಕೆರೆ ಊರಲ್ಲೇ ಇದೆ ಅನ್ನೋದು ಸಾಲದು, ಅದಕ್ಕೆ ಇಳಿಯೋ ಮೆಟ್ಟಿಲು ಯಾರಿಗಿದೆ ಅಂತ ಕೇಳಬೇಕು.

ಹಾಗೆ ನೋಡಿದರೆ ಸಿಯಾಟಲ್ ಮಾದರಿಯನ್ನು ಇಲ್ಲಿ ಹಾಗೇ ತಂದು ನೆಡೋದಕ್ಕೆ ನೆಲವೇ ಇಲ್ಲ. ಅಲ್ಲಿ ಬಡಾವಣೆಗೊಂದು ಪುಸ್ತಕದ ಅಂಗಡಿ ಇರಬಹುದು. ನಮ್ಮ ಎಷ್ಟು ತಾಲ್ಲೂಕು ಕೇಂದ್ರಗಳಲ್ಲಿ ಗೈಡು, ನೋಟ್‌ಬುಕ್ಕು ಬಿಟ್ಟು ಬೇರೆ ಮಾರೋ ಅಂಗಡಿ ಇದೆ? ನಮ್ಮ ಪುಸ್ತಕಗಳು ಮಾರಾಟವಾಗಿದ್ದು ಹೆಗಲ ಚೀಲದಿಂದ, ಸಮಾವೇಶದ ಪೆಂಡಾಲಿನ ಪಕ್ಕ ಹಾಸಿದ ಗೋಣಿತಾಟಿನ ಮೇಲೆ, ಏಪ್ರಿಲ್ 14ರಂದು ಹಾರದ ಅಂಗಡಿಯ ಪಕ್ಕ, ನಾಗಪುರದ ದೀಕ್ಷಾಭೂಮಿಯಲ್ಲಿ, ದಾದರಿನ ಚೈತ್ಯಭೂಮಿಯಲ್ಲಿ. ನಮ್ಮ 'ಸ್ಥಳೀಯ ಪುಸ್ತಕದಂಗಡಿ' ಅಂದರೆ ಆ ಗೋಣಿತಾಟು. ಕೇಳುಪುಸ್ತಕದ ಪಾಲು ಅದರ ಮೇಲೆ ಕೂತವನಿಗೆ ಸಿಗೋ ಹಾಗೆ ಏರ್ಪಾಡು ಮಾಡಿದರೆ ಮಾತ್ರ ಆ ಮಾದರಿ ನಮ್ಮದಾಗುತ್ತೆ.

ಇನ್ನೊಂದು ಮಾತಿದೆ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ ಕರ್ನಾಟಕದಲ್ಲಿ ಗೇಣಿದಾರನನ್ನು ಒಡೆಯನನ್ನಾಗಿ ಮಾಡಿತು. ದೊಡ್ಡ ಕೆಲಸವೇ ಅದು. ಆದರೆ ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡುತ್ತಿದ್ದವನಿಗೆ, ಅಂದರೆ ಬಹುಪಾಲು ನಮ್ಮವರಿಗೆ, ಆ ಕಾಯಿದೆಯಿಂದ ಎಷ್ಟು ನೆಲ ಸಿಕ್ಕಿತು? ಬೀಗವಿಲ್ಲದ ಫೈಲು ಕೇಳುಗನನ್ನು ಗೇಣಿಯಿಂದ ಬಿಡಿಸುತ್ತೆ. ಅಂಗಡಿಗೆ ಪಾಲು ಕೊಡೋದು ಅಂಗಡಿಯವನನ್ನು ಉಳಿಸುತ್ತೆ. ದನಿ ಕೊಟ್ಟವನು ಮಾತ್ರ ಕೂಲಿಯವನಾಗಿಯೇ ಉಳಿದರೆ ಇದು ಇನ್ನೊಂದು ಅರ್ಧ ಸುಧಾರಣೆ ಆಗುತ್ತೆ ಅಷ್ಟೆ.

ದನಿಯ ವಿಷಯಕ್ಕೇ ಬರೋಣ. ಆಕಾಶವಾಣಿಯ ಕಾಲದಿಂದ ಕನ್ನಡಕ್ಕೆ ಒಂದು 'ಒಳ್ಳೆಯ ದನಿ' ಅಂತ ತಯಾರಾಗಿದೆ. ಅ-ಹ ವ್ಯತ್ಯಾಸ ಸ್ಪಷ್ಟ, ಮಹಾಪ್ರಾಣ ಗಟ್ಟಿ, ಗಂಟಲಲ್ಲಿ ತುಪ್ಪ. ಗಮಕಿಗಳ ಮನೆಯಿಂದ ಬಂದ ಆ ದನಿ ಕುಮಾರವ್ಯಾಸನಿಗೆ ಒಪ್ಪುತ್ತೆ, ನಮ್ಮದೇನೂ ತಕರಾರಿಲ್ಲ. ಆದರೆ ದೇವನೂರ ಮಹಾದೇವರ 'ಕುಸುಮಬಾಲೆ'ಗೆ? 1984ರಲ್ಲಿ ಅದು ಬಂದಾಗ ಓದಕ್ಕೇ ಆಗಲ್ಲ, ಅರ್ಥವೇ ಆಗಲ್ಲ ಅಂತ ಕನ್ನಡದ ದೊಡ್ಡ ಓದುಗರೇ ಗೊಣಗಿದರು. ನಂಜನಗೂಡು ಕಡೆಯ ಅಜ್ಜಿಯೊಬ್ಬಳು ಆ ಪುಟಗಳನ್ನು ಬಾಯಲ್ಲಿ ಹೇಳಿದ್ದರೆ ಆ ಗೊಣಗಾಟದಲ್ಲಿ ಅರ್ಧ ಹುಟ್ಟುತ್ತಲೇ ಇರಲಿಲ್ಲ. ಕಣ್ಣಿಗೆ ಗಡುಸಾದ ಆ ಗದ್ಯ ಕಿವಿಗೆ ನೀರಿನ ಹಾಗೆ ಇಳಿಯುವಂಥದ್ದು. ಅದೇ ಪುಸ್ತಕವನ್ನು ಸ್ಟುಡಿಯೋದಲ್ಲಿ ಜಾಹೀರಾತಿಗೆ ದನಿ ಕೊಟ್ಟು ಪಳಗಿದವರ ಕೈಗೆ ಕೊಟ್ಟು ನೋಡಿ. ಕೇರಿಯ ಮಾತನ್ನು ಅವರು ಸಿನಿಮಾದಲ್ಲಿ ಹಳ್ಳಿಗಮಾರನ ಪಾರ್ಟು ಮಾಡೋ ಹಾಗೆ ಎಳೆದು ಎಳೆದು ಆಡುತ್ತಾರೆ. ಇಲ್ಲವಾದರೆ ನಯಮಾಡಿ ತಮ್ಮ ಮನೆಯ ಮಾತು ಮಾಡಿಬಿಡುತ್ತಾರೆ. ಎರಡೂ ಅವಮಾನವೇ. ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ'ದ ಉತ್ತರ ಕರ್ನಾಟಕಕ್ಕೂ, ಸಿದ್ಧಲಿಂಗಯ್ಯನವರ 'ಊರುಕೇರಿ'ಯ ನಗುವಿಗೂ ಇದೇ ಗತಿ ಬರಬಾರದು.

ಈ ವಿಷಯದಲ್ಲಿ ಲಿಬ್ರಿವಾಕ್ಸ್ ಎಂಬ ಗುಂಪಿನಿಂದ ಕಲಿಯೋದಿದೆ. 2005ರಲ್ಲಿ ಮಾಂಟ್ರಿಯಲ್‌ನ ಹ್ಯೂ ಮೆಕ್‌ಗ್ವಾಯರ್ ಶುರುಮಾಡಿದ್ದು. ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳನ್ನು ಜನ ತಮ್ಮ ತಮ್ಮ ಮನೆಯಲ್ಲೇ ಕೂತು ಓದಿ ಧ್ವನಿಮುದ್ರಿಸಿ ಲೋಕಕ್ಕೆ ಬಿಟ್ಟುಕೊಡುತ್ತಾರೆ. ಇಂಥವು ಈಗ ಇಪ್ಪತ್ತು ಸಾವಿರ ಮೀರಿವೆ. ಅಲ್ಲಿ ದನಿಯ ಪರೀಕ್ಷೆ ಇಲ್ಲ. ನಿನ್ನ ಉಚ್ಚಾರ ಸರಿಯಿಲ್ಲ, ಆಚೆ ಹೋಗು ಅನ್ನೋರಿಲ್ಲ. ಯಾವ ಊರಿನ ನಾಲಿಗೆಯಾದರೂ ಸರಿ. ಇದಕ್ಕೆ ಎದುರಾಗಿ ಕಂಪನಿಗಳು ಈಗ ಯಂತ್ರದ ದನಿ ತರುತ್ತಿವೆ. ಓದುವವರಿಗೆ ಕೊಡೋ ಕೂಲಿಯೂ ಉಳೀತು ಅಂತ. ಯಂತ್ರಕ್ಕೆ ಕನ್ನಡ ಕಲಿಸೋದು ಎಲ್ಲಿಂದ? ಸುಲಭವಾಗಿ ಸಿಗೋ ವಾರ್ತೆಯ ಕನ್ನಡದಿಂದ. ಕೇರಿಯ ಕನ್ನಡ ಅದರ ಕಿವಿಗೆ ಬಿದ್ದೇ ಇಲ್ಲದಿದ್ದರೆ ಬಾಯಿಗೆ ಬರೋದು ಹೇಗೆ?

ಆದರೆ ಲಿಬ್ರಿವಾಕ್ಸಿನ 'ಎಲ್ಲವೂ ಪುಕ್ಕಟೆ' ಅನ್ನೋದನ್ನೂ ಕಣ್ಣು ಮುಚ್ಚಿ ಒಪ್ಪೋ ಹಾಗಿಲ್ಲ. ತಿಂಗಳ ಸಂಬಳ ಇರೋರು ಭಾನುವಾರ ಕೂತು ಬಿಟ್ಟಿಯಾಗಿ ಓದೋದು ಸೇವೆ. ನಮ್ಮವರು ತಲೆತಲಾಂತರದಿಂದ ಬಿಟ್ಟಿಯಾಗಿ ತಮಟೆ ಬಡಿದವರು, ಬಿಟ್ಟಿಯಾಗಿ ಸಾವಿನ ಸುದ್ದಿ ಹೊತ್ತವರು, ಕಣದಲ್ಲಿ ಹಾಡಿ ಒಂದು ಮೊರ ರಾಗಿಗೆ ಕೈಯೊಡ್ಡಿದವರು. ಅವರ ದನಿಯನ್ನು ಕ್ರಾಂತಿಯ ಹೆಸರಲ್ಲಿ ಮತ್ತೆ ಬಿಟ್ಟಿ ಕೇಳೋದು ಯಾವ ಬಂಡಾಯ? ಕ್ಯಾಸೆಟ್ಟಿನ ಕಾಲದಲ್ಲಿ ನೀಲಗಾರರನ್ನೂ ಕಂಸಾಳೆಯವರನ್ನೂ ಕರೆದು ಒಂದು ದಿನದ ಕೂಲಿ ಕೊಟ್ಟು ರಾತ್ರಿಯಿಡೀ ಹಾಡಿಸಿಕೊಂಡು, ವರ್ಷಗಟ್ಟಲೆ ಮಾರಿಕೊಂಡವರನ್ನು ನಾವು ನೋಡಿದ್ದೇವೆ. ಕ್ಯಾಸೆಟ್ಟಿನ ಮೇಲೆ ದೇವರ ಚಿತ್ರ ದೊಡ್ಡದಾಗಿ, ಹಾಡಿದವನ ಹೆಸರು ಎಲ್ಲೋ ಮೂಲೆಯಲ್ಲಿ. ಕಾಯಿದೆ ಇಂಥವರ ಪರವಾಗಿಯೇ ಇದೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ನಮ್ಮ ಹಕ್ಕುಸ್ವಾಮ್ಯ ಕಾಯಿದೆಯಲ್ಲಿ ಪ್ರದರ್ಶಕರ ಹಕ್ಕು ಅಂತ ಇದೆ, ಅದು 50 ವರ್ಷ ಉಳಿಯುತ್ತೆ. 2012ರ ತಿದ್ದುಪಡಿ ಆದಮೇಲೆ ವ್ಯಾಪಾರಕ್ಕೆ ಬಳಸಿದರೆ ಗೌರವಧನ ಕೇಳೋ ಹಕ್ಕೂ ಇದೆ. ಹಾಡುಗಾರನಿಗೆ ಇದನ್ನು ಯಾರು ಹೇಳಬೇಕು? ಹಳ್ಳಿಯ ಮೇಷ್ಟ್ರುಗಳೇ ಹೇಳಬೇಕು. ಧ್ವನಿಮುದ್ರಣಕ್ಕೆ ಬಂದವರು ಹೆಬ್ಬೆಟ್ಟು ಒತ್ತಿಸಿಕೊಳ್ಳೋ ಮುಂಚೆ ಆ ಕಾಗದವನ್ನು ಓದಿ ಹೇಳೋ ಒಬ್ಬ ಮೇಷ್ಟ್ರು ಪಕ್ಕದಲ್ಲಿದ್ದರೆ ಸಾಕು.

ಹೆಸರಿನ ವಿಷಯದಲ್ಲಿ ಒಂದು ಒಳ್ಳೆ ಉದಾಹರಣೆಯೂ ಇದೆ. ತುಳುನಾಡಿನ ಗೋಪಾಲ ನಾಯ್ಕರು ಹಾಡಿದ ಸಿರಿ ಕಾವ್ಯವನ್ನು ಫಿನ್‌ಲ್ಯಾಂಡಿನ ಲೌರಿ ಹೊಂಕೊ ಮತ್ತು ಜೊತೆಯವರು 1990ರಲ್ಲಿ ಧ್ವನಿಮುದ್ರಿಸಿದರು. 15,683 ಸಾಲುಗಳ ಆ ಕಾವ್ಯ 1998ರಲ್ಲಿ ಅಚ್ಚಾದಾಗ ಪುಸ್ತಕದ ಶೀರ್ಷಿಕೆಯಲ್ಲೇ ಗೋಪಾಲ ನಾಯ್ಕರು ಹಾಡಿದ್ದು ಅಂತ ಬಂತು. 'ಜನಪದ' ಅನ್ನೋ ಒಂದು ಪದದಲ್ಲಿ ಹಾಡಿದವನನ್ನು ಹೂತುಹಾಕೋ ನಮ್ಮ ವಿದ್ವಾಂಸರು ಇದನ್ನು ಗಮನಿಸಬೇಕು.

ಹಾಗಾದರೆ ಮೆಟ್ಟಿಲು ನಮ್ಮದೇ ಆಗಿರುವ ಕೆರೆ ಎಲ್ಲಾದರೂ ಇದೆಯೇ? ಇದೆ, ನಮ್ಮ ಬೀದರಿನ ಗಡಿಗೆ ಅಂಟಿಕೊಂಡೇ ಇದೆ. ತೆಲಂಗಾಣದ ಜಹೀರಾಬಾದ್ ಹತ್ತಿರ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳ ದಲಿತ ಹೆಣ್ಣುಮಕ್ಕಳು ನಡೆಸೋ ಸಂಘಂ ರೇಡಿಯೋ. ತೊಂಬತ್ತರ ದಶಕದ ಕೊನೆಯಲ್ಲೇ ಅವರು ಧ್ವನಿಮುದ್ರಣ ಕಲಿತರು. ಆಗ ಇಂಥವರಿಗೆ ರೇಡಿಯೋ ಪರವಾನಗಿ ಕೊಡೋ ಕಾನೂನೇ ಇರಲಿಲ್ಲ. ಬಾನಲೆ ಸಾರ್ವಜನಿಕ ಆಸ್ತಿ ಅಂತ 1995ರಲ್ಲೇ ಸುಪ್ರೀಂ ಕೋರ್ಟ್ ಹೇಳಿದ್ದರೂ ಸರ್ಕಾರ ಅಲ್ಲಾಡಲಿಲ್ಲ. ಅವರು ಕೈಕಟ್ಟಿ ಕೂರಲಿಲ್ಲ. ಹಾಡು, ಕತೆ, ಬಿತ್ತನೆ ಬೀಜದ ಮಾತು, ಹಬ್ಬದ ಮಾತು ಎಲ್ಲವನ್ನೂ ಟೇಪಿಗೆ ಹಾಕಿ ಸಂಘದ ಸಭೆಗಳಿಗೆ ಹೊತ್ತುಕೊಂಡು ಹೋಗಿ ಕೇಳಿಸಿದರು. 2006ರಲ್ಲಿ ನಿಯಮ ಬದಲಾಯಿತು. 2008ರ ಅಕ್ಟೋಬರ್ 15ರಂದು ಅವರ ರೇಡಿಯೋ ಗಾಳಿಗೆ ಬಂತು. ಮೈಕಿನ ಮುಂದೆ ಕೂತವರು ಅವರೇ, ಯಂತ್ರ ತಿರುಗಿಸಿದವರೂ ಅವರೇ. ತಮ್ಮ ಹೊಲದ ತೆಲುಗಿನಲ್ಲೇ ಮಾತಾಡಿದರು, ಹೈದರಾಬಾದಿನ ತೆಲುಗು ಕಲಿಯೋಕೆ ಹೋಗಲಿಲ್ಲ. ನಮ್ಮ ಕೋಲಾರದ ಬೂದಿಕೋಟೆಯ 'ನಮ್ಮ ಧ್ವನಿ'ಯೂ ಪರವಾನಗಿ ಇಲ್ಲದ ದಿನಗಳಲ್ಲಿ ಕೇಬಲ್ ತಂತಿಯ ಮೂಲಕವೇ ಮನೆ ಮನೆಗೆ ದನಿ ಮುಟ್ಟಿಸಿತ್ತು.

ಇಂಥ ಕಡೆ ಒಂದು ಪುಸ್ತಕ ಓದಿಸಬೇಕು ಅಂದರೆ ಮೊದಲನೆಯದು ಯಾವುದು ಅನ್ನೋದರಲ್ಲಿ ನಮಗೆ ಅನುಮಾನವಿಲ್ಲ. ಬಾಬಾಸಾಹೇಬರ 'ಜಾತಿ ವಿನಾಶ' ಮೂಲದಲ್ಲಿ ಪುಸ್ತಕವೇ ಅಲ್ಲ, ಭಾಷಣ. 1936ರಲ್ಲಿ ಲಾಹೋರಿನ ಜಾತ್-ಪಾತ್-ತೋಡಕ್ ಮಂಡಲದ ಸಮ್ಮೇಳನಕ್ಕೆಂದು ಬರೆದದ್ದು. ಭಾಷಣದ ಪ್ರತಿ ನೋಡಿ ಕರೆದವರೇ ಬೆದರಿದರು, ಸಮ್ಮೇಳನವನ್ನೇ ರದ್ದು ಮಾಡಿದರು. ಬಾಬಾಸಾಹೇಬರು ಸ್ವಂತ ಖರ್ಚಿನಲ್ಲಿ 1,500 ಪ್ರತಿ ಅಚ್ಚು ಹಾಕಿಸಿದರು, ಎರಡು ತಿಂಗಳಲ್ಲಿ ಖರ್ಚಾದವು. ಕಿವಿಗೆಂದು ಬರೆದು ಯಾವ ಕಿವಿಗೂ ಬೀಳದೆ ಹೋದ ಭಾಷಣ ಅದು. ಅವರು ಬದುಕಿದ್ದಾಗ ಅಚ್ಚಾದ ಬರಹಗಳ ಹಕ್ಕುಸ್ವಾಮ್ಯ 2016ರ ಕೊನೆಗೆ ಮುಗಿದಿದೆ. 2017ರ ಜನವರಿ 1ರಿಂದ ಅದನ್ನು ಯಾರು ಬೇಕಾದರೂ ಓದಿ ಧ್ವನಿಮುದ್ರಿಸಬಹುದು. ಫುಲೆಯವರ 1873ರ 'ಗುಲಾಮಗಿರಿ'ಯದಂತೂ ಎಂದೋ ಮುಗಿದಿದೆ. ಆದರೆ ಒಂದು ತೊಡಕು. ಕನ್ನಡದ ಅನುವಾದಕ್ಕೆ ಬೇರೆಯೇ ಹಕ್ಕಿರುತ್ತೆ. ಬಾಬಾಸಾಹೇಬರ ಸಂಪುಟಗಳನ್ನು ಸರ್ಕಾರದ ದುಡ್ಡಿನಲ್ಲೇ ಕನ್ನಡಕ್ಕೆ ತಂದಿದ್ದಾರೆ. ಜನರ ದುಡ್ಡಿನ ಅನುವಾದಕ್ಕೆ ಜನ ದನಿ ಕೊಡೋದಕ್ಕೆ ಅನುಮತಿ ಯಾಕೆ ಬೇಕು? ಓದಿ ಹಂಚಲು ಎಲ್ಲರಿಗೂ ಬಿಟ್ಟಿದ್ದೇವೆ ಅಂತ ಒಂದು ಆದೇಶ ಹೊರಡಿಸಿದರೆ ಮುಗೀತು. ಬದುಕಿರುವ ಲೇಖಕರಿಗೂ ಒಂದು ಮಾದರಿ ಕಣ್ಣೆದುರೇ ಇದೆ. 2022ರಲ್ಲಿ ಮಹಾದೇವ ಅವರು 'ಆರ್‌ಎಸ್‌ಎಸ್: ಆಳ ಮತ್ತು ಅಗಲ'ವನ್ನು ಒಬ್ಬ ಪ್ರಕಾಶಕರ ಕೈಗೆ ಕಟ್ಟಿಹಾಕದೆ ಹಲವರು ಏಕಕಾಲಕ್ಕೆ ಅಚ್ಚು ಹಾಕಲು ಬಿಟ್ಟರು. ಬೆಲೆ 40 ರೂಪಾಯಿ. ಅದು ಎಲ್ಲೆಲ್ಲಿ ಹೋಯಿತು ಅಂತ ಎಲ್ಲರಿಗೂ ಗೊತ್ತು.

ಅಂಧ ಗೆಳೆಯರ ವಿಷಯದಲ್ಲಿ ಕಾನೂನು ಇನ್ನೂ ಮುಂದೆ ಹೋಗಿದೆ. 2012ರ ತಿದ್ದುಪಡಿ ಪ್ರಕಾರ, ಓದಲಾಗದ ಅಂಗವಿಕಲರಿಗಾಗಿ ಹಕ್ಕುಸ್ವಾಮ್ಯ ಇರುವ ಪುಸ್ತಕವನ್ನೂ ಲಾಭವಿಲ್ಲದೆ ದನಿಗೆ ಇಳಿಸಬಹುದು. ಇದೇ ಉದ್ದೇಶದ ಮರಾಕೇಶ್ ಒಪ್ಪಂದಕ್ಕೆ 2014ರಲ್ಲಿ ಲೋಕದಲ್ಲೇ ಮೊದಲು ಅನುಮೋದನೆ ಕೊಟ್ಟದ್ದು ಭಾರತ. 2016ರಲ್ಲಿ ಸುಗಮ್ಯ ಪುಸ್ತಕಾಲಯ ಬಂತು. ಬೆಂಗಳೂರಿನ ಮಿತ್ರ ಜ್ಯೋತಿ 1990ರಿಂದ ಕೆಲಸ ಮಾಡುತ್ತಾ ಅಂಧರಿಗೆ ಮಾತಾಡುವ ಪುಸ್ತಕಗಳ ಗ್ರಂಥಾಲಯ ಕಟ್ಟಿದೆ. ಕಂಪನಿಗಳು ಕೇಳುಪುಸ್ತಕ ಕಂಡುಹಿಡಿದವರ ಹಾಗೆ ಮಾತಾಡುವಾಗ ಈ ಹಳೇ ಕೆಲಸವನ್ನು ಯಾರೂ ನೆನೆಯೋದಿಲ್ಲ. ಕಾಲೇಜು ವಿದ್ಯಾರ್ಥಿಗಳು ಇಂಥ ಕಡೆ ಹೋಗಿ ದಲಿತ ಬರಹಗಳನ್ನು ಓದಿಕೊಟ್ಟು ಬರಬಹುದು, ಅದಕ್ಕೆ ಯಾವ ಪ್ರಕಾಶಕರ ಅಪ್ಪಣೆಯೂ ಬೇಡ.

ಉಳಿದದ್ದು ಜಾಗದ ಮಾತು. ಕರ್ನಾಟಕದಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. ಈಗ ಅವನ್ನು 'ಅರಿವು ಕೇಂದ್ರ' ಅಂತ ಕರೀತಾರೆ. ಆಸ್ತಿ ತೆರಿಗೆಯ ಜೊತೆ ನೂರಕ್ಕೆ 6 ರೂಪಾಯಿ ಗ್ರಂಥಾಲಯ ಕರ ಅಂತ ಜನ ಕಟ್ಟುತ್ತಲೇ ಇದ್ದಾರೆ. ಸರ್ಕಾರ ಗ್ರಂಥಾಲಯಗಳಿಗೆ ಪುಸ್ತಕವನ್ನು ಸಗಟಾಗಿ ಕೊಳ್ಳುತ್ತೆ. ಆ ಪಟ್ಟಿಯಲ್ಲಿ ದನಿಯನ್ನೂ ಕೊಳ್ಳಲಿ. ಬೀಗವಿಲ್ಲದ ಫೈಲು, ಓದಿದವರ ಹೆಸರು ಬರೆದವರ ಹೆಸರಿನ ಪಕ್ಕದಲ್ಲೇ, ಇಬ್ಬರಿಗೂ ಪಾಲು, ಬರೆದವರ ಸೀಮೆಯ ನಾಲಿಗೆಯಲ್ಲೇ ಓದು. ಈ ಷರತ್ತು ಒಪ್ಪದವರಿಂದ, ಅವರು ಬೆಂಗಳೂರಿನವರಾಗಲಿ ಅಮೆರಿಕದವರಾಗಲಿ, ಕೊಳ್ಳುವುದು ಬೇಡ. ಅರಿವು ಕೇಂದ್ರಕ್ಕೆ ಬಂದವರು ಮೆಮೊರಿ ಕಾರ್ಡಿಗೆ ಹಾಕಿಸಿಕೊಂಡು ಹೋಗಲಿ. ಸಂಜೆ ಒಂದು ಸ್ಪೀಕರ್ ಇಟ್ಟು ಎಲ್ಲರಿಗೂ ಕೇಳಿಸಲಿ. ಆದರೆ ಆ ಸ್ಪೀಕರ್ ಎಲ್ಲಿ ಇಡುತ್ತಾರೆ ಅಂತ ಈಗಲೇ ಕೇಳಿಟ್ಟುಕೊಳ್ಳಬೇಕು. ಅರಿವು ಕೇಂದ್ರದ ಕಟ್ಟಡ ಎಷ್ಟೋ ಕಡೆ ಊರ ನಡುವೆ, ದೇವಸ್ಥಾನದ ಪಕ್ಕದ ಕಟ್ಟೆಯ ಹತ್ತಿರ ಇದೆ. ಸಂಜೆ ಏಳರ ಮೇಲೆ ಕೇರಿಯ ಹೆಣ್ಣುಮಕ್ಕಳು ಆ ಕಟ್ಟೆಗೆ ಬಂದು ಕೂರೋ ಊರುಗಳ ಪಟ್ಟಿಯನ್ನು ಮೇಷ್ಟ್ರುಗಳು ನಮಗೆ ಬರೆದು ಕಳಿಸಲಿ. ಬೇರೆ ಊರುಗಳಲ್ಲಿ ಸ್ಪೀಕರ್ ಕೇರಿಯ ಅಂಗನವಾಡಿಯಲ್ಲೇ ಇಡಬೇಕು. ಊರಿನವರು ಅಲ್ಲಿಗೆ ಬಂದು ಕೇಳಲಿ.